ಹಡಗಿನ ಬೂಚು

ಮೊನ್ನೆ ಅಟ್ಟದ ಸಾಮಾನು ಇಳಿಸುವಾಗ ಹಳೆಯ ಸೀಮೆಎಣ್ಣೆ ಬಾಟಲಿಯೊಂದು ಸಿಕ್ಕಿತು. ಬಾಟಲಿ ಖಾಲಿ, ಬೂಚು ಮಾತ್ರ ಗಟ್ಟಿಯಾಗಿತ್ತು. ಮೂಸಿ ನೋಡಿದೆ, ನೆರೆಮನೆಯ ಅಜ್ಜ ನೆನಪಾದರು...

ಬೀಳಗಿ ತಾಲೂಕಿನ ನಮ್ಮ ಹೊಳೆದಂಡೆಯ ಊರಿನಲ್ಲಿ ಸಮುದ್ರ ಕಂಡವರು ಅವರೊಬ್ಬರೇ. ಮಹಾಯುದ್ಧದ ಕಾಲದಲ್ಲಿ ಮುಂಬೈಯಿಂದ ಹೊರಟ ಸರಕಿನ ಹಡಗೊಂದರ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದರಂತೆ. ಶತ್ರುಗಳ ಒಂದೇ ಏಟಿಗೆ ಹಡಗು ಮುಳುಗಿತು. ಬೂಚಿನ ಪಟ್ಟಿಗಳನ್ನಿಟ್ಟು ಹೊಲಿದ ತೇಲುವ ಅಂಗಿ ತೊಟ್ಟು ಅಜ್ಜ ಬದುಕಿ ಬಂದರು. ತಮ್ಮ ಕಥೆ ಪೂರ್ತಿ ಕೇಳಿದವರಿಗೆ ಆ ಅಂಗಿಯಿಂದಲೇ ತುಂಡು ಕೊಯ್ದು ಬಾಟಲಿಗೆ ಬೂಚು ಮಾಡಿಕೊಡುತ್ತಿದ್ದರು. ಹೀಗಾಗಿ ನಮ್ಮ ಓಣಿಯ ಬಾಟಲಿಗಳೆಲ್ಲ ಮಹಾಯುದ್ಧಕ್ಕೆ ಹೋಗಿ ಬಂದಂತಾಗಿತ್ತು. ಹಡಗಿನ ಸರಕು ಮಾತ್ರ ವರ್ಷ ವರ್ಷ ಬದಲಾಗುತ್ತಿತ್ತು. ಮೊದಲು ಸಿಪಾಯಿಗಳ ಬೂಟು ಇತ್ತು, ಆಮೇಲೆ ತೋಪು ಬಂತು, ಕೊನೆಗೆ ಬಂಗಾರ. ನಾನಂತೂ ಅರ್ಧ ಕಥೆಗೇ ನಿದ್ದೆಹೋಗಿ, ಎಚ್ಚರವಾದಾಗ ಜೋರಾಗಿ ತಲೆಯಾಡಿಸಿ ಬೂಚು ಗಿಟ್ಟಿಸಿದವನು.

ಆಲಮಟ್ಟಿಯ ಹಿನ್ನೀರು ಬಂದು ಊರು ಬಿಡುವ ದಿನ ಅಜ್ಜ ಆ ಅಂಗಿ ತೊಟ್ಟೇ ಹೊರಬಂದರು. ಬೂಚೆಲ್ಲ ಹಂಚಿಹೋಗಿ ಬರೀ ಅರಿವೆ ಉಳಿದಿತ್ತು. ಜನ ಬಾಗಿಲು, ಚೌಕಟ್ಟು ಕಿತ್ತು ನನ್ನ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಅಜ್ಜ ಮಾತ್ರ ಬಾಗಿಲಿಲ್ಲದ ಮನೆಗಳ ಗೋಡೆ ಬಡಿಯುತ್ತ ಹೋದರು.

“ಒಳಗ ಯಾರರ ಅದೀರೇನ್ರೀ?”

“ಅಜ್ಜಾ, ಹತ್ತರಿ. ನೀರು ಬರಾಕತ್ತೈತಿ,” ಎಂದೆ.

“ಎಲ್ಲಾರೂ ಹತ್ತಲಿ. ನಾ ಕಡೀಕ.”

ಕೊನೆಯ ಮನೆಯಲ್ಲಿ ಒಬ್ಬ ಮುದುಕಿ ಕೋಳಿ ಹುಡುಕುತ್ತಿದ್ದಳು. “ನನ್ನ ಕೋಳಿ ಸಿಗೂಮಟಾ ನಾ ಬರಂಗಿಲ್ಲ,” ಎಂದಳು.

“ಹಂಗಾರ ನಾನೂ ಬರಂಗಿಲ್ಲ ಬೇ,” ಎಂದರು ಅಜ್ಜ.

ಕೋಳಿಗೂ ಊರು ಬಿಡುವ ಮನಸ್ಸಿರಲಿಲ್ಲ. ಇಬ್ಬರು ವಯಸ್ಸಾದವರು ಅದರ ಹಿಂದೆ ಓಡಿ ಓಡಿ ಸುಸ್ತಾದರು. ಕಡೆಗೆ ಅಜ್ಜ ಅಂಗಿ ಬಿಚ್ಚಿ ಅದರ ಮೇಲೆ ಒಗೆದು ಹಿಡಿದರು. ಮುದುಕಿ ಹತ್ತಿದಳು, ಕೋಳಿ ಹತ್ತಿತು, ಆಮೇಲೆ ಅಜ್ಜ ಹತ್ತಿ ನನ್ನ ಪಕ್ಕ ಕೂತರು.

“ಹಡಗು ಕಡೀಕ ಬಿಡೂ ಕಪ್ತಾನರು ಬಂದ್ರ ಇಲ್ಲೋ?” ಎಂದು ಹಿಂದಿನಿಂದ ಯಾರೋ ನಕ್ಕರು. ಅಜ್ಜ ನಗಲಿಲ್ಲ. ನನಗಷ್ಟೇ ಕೇಳುವಂತೆ ಹೇಳಿದರು:

“ಹಡಗಿನ್ಯಾಗ ಎಲ್ಲಾರಕಿಂತ ಮೊದಲ ಜಿಗದಾಂವ ನಾನ. ಜೋಡೀದಾರ ಕೆಳಗ ಮಲಗಿದ್ದ. ಅವಗ ಒಂದ್ ಕೂಗೂ ಹಾಕಲಿಲ್ಲಪ್ಪಾ ನಾ...”

ನಾನು ಗೇರು ಹಾಕಿದೆ.

ಹೊಸ ಊರಿಗೆ ಬಂದ ಎರಡನೆಯ ವರ್ಷ ಅಜ್ಜ ತೀರಿಕೊಂಡರು. ಬಾಟಲಿಯನ್ನು ಗುಜರಿಗೆ ಹಾಕಿ ಬೂಚನ್ನು ಇಟ್ಟುಕೊಂಡಿದ್ದೇನೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ, ಇದು ನಿದ್ದೆ ಮಾಡಿ ಗಿಟ್ಟಿಸಿದ್ದು. ಕಥೆಯನ್ನು ನಾನು ಪೂರ್ತಿ ಕೇಳಿದ ದಿನ ಕೊಡಲು ಅಜ್ಜನ ಹತ್ತಿರ ಬೂಚೇ ಉಳಿದಿರಲಿಲ್ಲ.