ಕರಗಿದ ಬೂದಿಗುಡ್ಡ

ಟೈಲ್ಸ್ ಅಕ್ಕ ಎಂದರೆ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಗಂಡ ಇಲ್ಲದ ಈ ದಿನಗಳಲ್ಲೂ ಅವಳು ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವ ಮೊದಲು ನೆಲ ನೋಡುತ್ತಾಳೆ. "ಇದು ನಮ್ಮ ಗೂಡಲ್ಲಿ ಸುಟ್ಟ ಟೈಲ್ಸು" ಎಂದು ಗುರುತು ಹಿಡಿದಳೋ, ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ.

ಅವಳು ಮದುವೆಯಾಗಿ ಬಂದಾಗ ಮನೆಯ ಹಿಂದೆ ಬೂದಿಯ ಗುಡ್ಡವಿತ್ತು. ವಿದ್ಯುತ್ ಕಾರ್ಖಾನೆಯ ಬಾಯ್ಲರಿನಿಂದ ಬೂದಿ ತಂದು ಅಲ್ಲಿ ಸುರಿಯುವುದೇ ಗಂಡನ ಕೆಲಸ. ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯೆಲ್ಲ ಬೂದಿ, ಅಕ್ಕಪಕ್ಕದವರ ಬೈಗುಳವೆಲ್ಲ ಅವನಿಗೆ. ಅವನು ತಲೆ ತಗ್ಗಿಸಿಕೊಂಡು ಬಚ್ಚಲಿಗೆ ಹೋಗುತ್ತಿದ್ದ.

ಆಮೇಲೆ ಗುಡ್ಡದ ಮಗ್ಗುಲಲ್ಲೇ ಟೈಲ್ಸ್ ಕಾರ್ಖಾನೆ ಬಂತು. ಬೂದಿಗೆ ಜೇಡಿಮಣ್ಣು ಕಲಸಿ, ಅಚ್ಚಿಗೆ ಒತ್ತಿ, ಗೂಡಿನಲ್ಲಿ ಸುಡಬೇಕು. ಅವಳೂ ಸೇರಿಕೊಂಡಳು. ಮೊದಲ ಸಲ ಆತುರಪಟ್ಟು ಬೆಂಕಿ ಏರಿಸಿದ್ದಕ್ಕೆ ಟೈಲ್ಸ್ ಎಲ್ಲ ಗಲ್ಲ ಉಬ್ಬಿಸಿಕೊಂಡು ಹೊರಬಂದವು. ಒಡೆದು ನೋಡಿದರೆ ಒಳಗೆ ಕಪ್ಪು. ಬೂದಿಯಲ್ಲಿ ಉಳಿದ ಕಲ್ಲಿದ್ದಲು ಮೆಲ್ಲಗೆ ಉರಿದು ಮುಗಿಯುವವರೆಗೆ ಕಾಯಬೇಕಿತ್ತು. ಹಾಗೆ ಕಾಯುವುದನ್ನು ಕಲಿತದ್ದು ಗಂಡನ ವಿಷಯದಲ್ಲೂ ಉಪಯೋಗಕ್ಕೆ ಬಂತು.

ತಾನು ಸುಟ್ಟ ಟೈಲ್ಸನ್ನು ತನ್ನ ಅಡುಗೆಮನೆಗೂ ಹಾಕಿಸಬೇಕೆಂಬುದು ಅವಳ ಒಂದೇ ಆಸೆ. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

"ಹೊರಗೆ ಕುಡಿದಿರೋ ಬೂದಿ ಸಾಲ್ದಾ? ಮನೆಯೊಳಗೂ ಹಾಸ್ಬೇಕಾ?"

ಅವಳೂ ಬಿಡುವವಳಲ್ಲ. ಆಗಾಗ ಕೇಳುತ್ತಿದ್ದಳು, ಅವನು ಕೂಗಾಡುತ್ತಿದ್ದ, ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಕೊನೆಗೆ ವಿದ್ಯುತ್ ಕಾರ್ಖಾನೆ ಮುಚ್ಚಿತು. ಗುಡ್ಡ ಸವೆಯುತ್ತ ಸವೆಯುತ್ತ ಒಂದು ದಿನ ಕಡೆಯ ಗಾಡಿ ಬೂದಿಯೂ ಗೂಡಿಗೆ ಹೋಯಿತು. ಅವಳು ಕೆಲಸ ಮುಗಿಸಿ ಬಂದಾಗ ಅವನು ಹಿತ್ತಲ ಬಾಗಿಲಲ್ಲಿ ಕೂತು ಖಾಲಿ ಬಯಲನ್ನು ನೋಡುತ್ತಿದ್ದ.

"ಅಲ್ವೇ, ನಾನು ಜೀವಮಾನವೆಲ್ಲ ಹೊತ್ತು ಹಾಕಿದ್ದು ಎಲ್ಲಿ ಹೋಯ್ತೇ?"

"ಎಲ್ಲಿಗೂ ಹೋಗಿಲ್ಲ ಕಣ್ರೀ. ಓಣಿಯವರ ಮನೆ ಮನೇಲೂ ಇದೆ."

"ನಮ್ಮನೇಲಿ?"

ಅವಳು ಅವನನ್ನು ದಾಟಿ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು.

ಆ ಕೊನೆಯ ಗಾಡಿ ಬೂದಿಯ ಟೈಲ್ಸ್ ಸುಟ್ಟು ಗೂಡು ತೆರೆದ ದಿನ ಅವನು ತಳ್ಳುಗಾಡಿ ಹಿಡಿದು ಟೈಲ್ಸ್ ಕಾರ್ಖಾನೆಯ ಗೇಟಿಗೆ ಬಂದ. ತಾನೇ ತುಂಬಿದ, ತಾನೇ ತಳ್ಳಿದ. ಅವಳು ಕೈಹಾಕಲು ಹೋದರೆ ಗದರಿದ.

ಗಾರೆಯವರು ನೆಲ ಹಾಕಿ, ಅದು ಒಣಗಿದ ಮೇಲೆ ಅವನು ಬರಿಗಾಲಲ್ಲಿ ಅಡುಗೆಮನೆಗೆ ಬಂದ. ನಾಚಿದವನ ಹಾಗೆ ಕೇಳಿದ.

"ಇದ್ರಲ್ಲಿ ನಾನು ತಂದ ಬೂದಿ ಯಾವ್ದೇ?"

"ಎಲ್ಲಾ ನೀವು ತಂದಿದ್ದೇ ಕಣ್ರೀ."

ಅಂಥ ಮಾತನ್ನು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಅವನು ಮುಖ ಗೋಡೆಗೆ ತಿರುಗಿಸಿಕೊಂಡು ಆ ನೆಲದ ಮೇಲೆ ಕಾಲು ಮಡಚಿ ಕೂತು, "ಊಟ ಹಾಕು" ಎಂದ.