ರಸೀದಿಯಿಲ್ಲದೆ ಹೋದ ಕಿಸೆಚಾಕುಗಳು

ನಮ್ಮ ಮುತ್ಯಾನ, ನನ್ನ ಅಜ್ಜನ, ಕಿಸೆಚಾಕುಗಳನ್ನು ಆಯುಧಗಳೆಂದು ಕರೆದು, ರಸೀದಿ ಕೊಡದೆ, ಗೋಣಿಚೀಲದಲ್ಲಿ ತುಂಬಿಕೊಂಡು ಹೋದವರು ಕಳ್ಳತನ ಮಾಡಿದರು. ಅವರು ಸರ್ಕಾರದ ಜನರಾಗಿದ್ದರೆಂಬ ಕಾರಣಕ್ಕೆ ಆ ಕೃತ್ಯದ ಹೆಸರು ಬದಲಾಗುವುದಿಲ್ಲ. ಮೊನ್ನೆ ಆಳಂದದ ಸಂತೆಯಲ್ಲಿ ಸಾಣೆ ಹಿಡಿಯುವವನ ಮುಂದೆ ಹಾಯುವಾಗ, ಕಾದ ಕಬ್ಬಿಣದ ವಾಸನೆ ಕುಸುಬಿ ಎಣ್ಣೆಯ ಘಾಟಿನೊಡನೆ ಬೆರೆತು ಮೂಗಿಗೆ ಬಂತು. ಕಾಲುಗಳು ಅಲ್ಲೇ ನಿಂತವು. ನಾನು ಎಂಟು ವರ್ಷದವಳಿದ್ದಾಗ ನಮ್ಮ ಪಡಸಾಲೆ ಅಮಾವಾಸ್ಯೆಗೊಮ್ಮೆ ಹೀಗೆ ನಾರುತ್ತಿತ್ತು.

ಅಂದು ಮುತ್ಯಾ ತನ್ನ ಚಾಕುಗಳನ್ನೆಲ್ಲ ಹೊರತೆಗೆದು, ಮಡಿಕೆ ಬಿಚ್ಚಿ, ಎಣ್ಣೆಯ ಬಟ್ಟೆಯಿಂದ ಒರೆಸುತ್ತಿದ್ದ. ಒಂದನ್ನೂ ಅವನು ಕೊಂಡದ್ದಲ್ಲ. ಅವನ ಗೆಳೆಯರ ಬಳಗದಲ್ಲಿ ಒಂದು ರೂಢಿಯಿತ್ತು: ಯಾರಾದರೂ ತೀರಿಕೊಂಡರೆ ಅವರ ಕಿಸೆಯ ಚಾಕು ಮುತ್ಯಾನ ಮನೆಗೆ ಬರುತ್ತಿತ್ತು. ಟಗರಿನ ಕೊಂಬಿನ ಹಿಡಿಯದು ಮಟಕಿ ಊರಿನ ಕುರುಬನದು; ತುದಿ ಮುರಿದದ್ದು ಅಫಜಲಪುರದ ಅಂಬಿಗನದು; ತಂಬಾಕು ಕೊಯ್ದು ಕೊಯ್ದು ಬೇವಿನ ಎಲೆಯಷ್ಟು ತೆಳ್ಳಗಾದದ್ದು ಅಂದೋಲಾದ ವ್ಯಾಪಾರಿಯದು. ಪ್ರತಿಯೊಂದಕ್ಕೂ ದಾರದಲ್ಲಿ ಹೆಸರಿನ ಚೀಟಿ. ಸವತಿಕಾಯಿ ಹೆಚ್ಚಲು, ಕಾಲಿಗೆ ನೆಟ್ಟ ಮುಳ್ಳು ಕೀಳಲು, ಎತ್ತನ್ನು ನೊಗಕ್ಕೆ ಕಟ್ಟುವ ಜತ್ತಿಗೆ ಕತ್ತರಿಸಲು ಬಳಸಿದ ಆ ಅಲಗುಗಳನ್ನು ಒರೆಸುತ್ತ ಮುತ್ಯಾ ಸತ್ತವರನ್ನು ಬೈಯುತ್ತಿದ್ದ, ನಗುತ್ತಿದ್ದ. ಗೋರಿಗಳಿಗಿಂತ ಅವನಿಗೆ ಅವೇ ಹತ್ತಿರ.

ನಲವತ್ತೇಳರ ಚಳಿಗಾಲದಲ್ಲಿ, ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮೂರಲ್ಲಿ ಯಾರೂ ಹೊಲದಲ್ಲಿ ಎಳೆ ಜೋಳದ ತೆನೆಯ ಸೀತನಿ ಸುಡಲಿಲ್ಲ. ಹೊಗೆ ಕಂಡರೆ ಯಾರು ಬರುವರೋ ಎಂಬ ಅಂಜಿಕೆ. ಎತ್ತಿನ ಗಂಟೆಗಳೊಳಗೆ ಅರಿವೆ ತುರುಕಿದರು. ಅರ್ಧ ಊರು ಇನ್ನರ್ಧ ಊರಿನ ಕಣ್ಣು ತಪ್ಪಿಸಿ ನಡೆಯತೊಡಗಿತು. ಮರುವರ್ಷದ ಮಳೆಗಾಲದ ಕೊನೆಗೆ ನಿಜಾಮಶಾಹಿ ಮುಗಿಯಿತು. ಅಂಜಿಕೆ ಮುಗಿಯಲಿಲ್ಲ, ಓಣಿ ಬದಲಿಸಿ ಮುಸಲ್ಮಾನರ ಮನೆಗಳಿಗೆ ಹೋಯಿತು. ಆಗ ಒಂದು ಮಧ್ಯಾಹ್ನ ಗಾಡಿಗಾಲಿ ಮಾಡುವ ಮಸ್ತಾನ್ ಸಾಬ್, ಮುತ್ಯಾನ ಬಾಲ್ಯದ ಗೆಳೆಯ, ಹಿತ್ತಲ ಬಾಗಿಲಿಗೆ ಬಂದ. ಜಾಲಿಯ ಹಿಡಿಯ ತನ್ನ ಚಾಕನ್ನು ಹೊಸ್ತಿಲ ಮೇಲಿಟ್ಟ. ಚಾಕನ್ನು ಕೈಯಿಂದ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು.

“ಕೈಯಾಗ ಕೊಟ್ರ ಜಗಳ ಬರ್ತದಲೇ ಶರಣ್ಯಾ. ಈಗ ಅದೊಂದೇ ಕಡಿಮಿ ಅದ ನಮಗ,” ಎಂದ ಮಸ್ತಾನ್ ಸಾಬ್.

“ಬದುಕಿರೋರ ಚಾಕು ನಾ ಇಟ್ಕೊಳ್ಳೋದಿಲ್ಲ. ತಗೊಂಡು ಹೋಗಲೇ,” ಎಂದ ಮುತ್ಯಾ.

“ಜೇವರ್ಗಿಗಿ ತಮ್ಮನ ಮನಿಗಿ ಹೊಂಟೀನಿ. ತಿರುಗಿ ಬಂದ್ರ ಕಸ್ಕೊತೀನಿ. ಬರ್ಲಿಲ್ಲಂದ್ರ ಅಫಜಲಪುರದಾಗ ನನ್ನ ಮಗಳು ರಾಬಿಯಾ ಅದಾಳಲ್ಲ, ಆಕಿಗಿ ಕೊಡು.”

ಮುತ್ಯಾ ಬಾಗಿ ಎತ್ತಿಕೊಂಡ. ಮಸ್ತಾನ್ ಸಾಬ್ ಜೇವರ್ಗಿ ಮುಟ್ಟಿದನೆಂದು ಹೇಳಿದವರು ಇಂದಿಗೂ ಯಾರೂ ಇಲ್ಲ.

ಹದಿನೈದು ದಿನಕ್ಕೆ ಡಂಗುರ ಸಾರಿದರು: ಆಯುಧಗಳನ್ನೆಲ್ಲ ಚಾವಡಿಗೆ ತಂದೊಪ್ಪಿಸಬೇಕು. ಆಯಿ, ಮುತ್ಯಾನ ಹೆಂಡತಿ, “ಜ್ವಾಳದ ಹಗೇದಾಗ ಹುಗೀರಿ, ಯಾರಿಗಿ ಗೊತ್ತಾಗ್ತದ,” ಎಂದಳು. “ಸವತಿಕಾಯಿ ಹೆಚ್ಚೋ ಚಾಕು ಹುಗದು ನಾ ಕಳ್ಳ ಆಗ್ಲೇನು?” ಎಂದು ಮುತ್ಯಾ ಗಂಟು ಕಟ್ಟಿದ. ತೋರಿಸಿದರೆ ತಿಳಿಯುತ್ತಾರೆ, ಮರಳಿ ಕೊಡುತ್ತಾರೆಂದು ಅವನ ನಂಬಿಕೆ. ನಾನೂ ಜೊತೆಗೆ ಹೋದೆ. ಹೊರಸೀಮೆಯ ಅಧಿಕಾರಿ ಕುರ್ಚಿಯಲ್ಲಿ ಕೂತು ಕೈ ಚಾಚಿದ. ಮುತ್ಯಾ ಚಾಚಿದ ಕೈಗೆ ಕೊಡದೆ, ಮೊದಲನೆಯ ಚಾಕನ್ನು ಅವನ ಬೂಟಿನ ಮುಂದೆ ನೆಲದ ಮೇಲಿಟ್ಟು ಹಿಂದೆ ಸರಿದ.

“ಏನಿದು, ಕಾಲ ಬುಡಕ್ಕೆ ಎಸೀತೀಯಾ?”

“ಎಸದಿಲ್ರಿ ಸಾಹೇಬ್ರ, ಇಟ್ಟೀನ್ರಿ. ನಿಮಗೂ ನಮಗೂ ಜಗಳ ಬ್ಯಾಡಂತ.”

ಅಧಿಕಾರಿಗೆ ಅದು ಉದ್ಧಟತನವಾಗಿ ಕಂಡಿತು. ಯಾರ ಚಾಕುಗಳಿವು ಎಂದು ಗದರಿದ. ಮುತ್ಯಾ ಚೀಟಿ ನೋಡಿ ಒಂದೊಂದೇ ಹೆಸರು ಓದಿದ. ಮಸ್ತಾನ್ ಸಾಬನ ಹೆಸರು ಬಂದಾಗ ಚಾವಡಿಯಲ್ಲಿ ಕೆಮ್ಮುತ್ತಿದ್ದವರೂ ಕೆಮ್ಮು ತಡೆದರು. “ಭಾಳ ಚಲೋ ಮನಷ್ಯಾ ರೀ,” ಎಂದು ಮುತ್ಯಾ ತಾನಾಗಿಯೇ ಸೇರಿಸಿದ. ಸುತ್ತ ನಿಂತ ಊರ ಹಿರಿಯರಲ್ಲಿ ಒಬ್ಬನೂ ಹೌದೆನ್ನಲಿಲ್ಲ. ಅವರನ್ನೂ ನಾನು ಬಿಡುವುದಿಲ್ಲ. ಅವರ ಗಾಡಿಗಳು ಉರುಳುತ್ತಿದ್ದದ್ದು ಮಸ್ತಾನ್ ಸಾಬ್ ಮಾಡಿದ ಗಾಲಿಗಳ ಮೇಲೆ. ಚಾಕುಗಳು ಚೀಲಕ್ಕೆ ಹೋದವು. ಮುತ್ಯಾನನ್ನು ಮೂರು ದಿನ ಕೂಡಿಹಾಕಿದರು.

ತಿರುಗಿ ಬಂದವನು ಮತ್ತೆಂದೂ ಕಿಸೆಯಲ್ಲಿ ಚಾಕು ಇಟ್ಟುಕೊಳ್ಳಲಿಲ್ಲ. ಸುಗ್ಗಿ ಮುಗಿದ ಮೇಲೆ ರಾಬಿಯಾ ಬಂದಳು. ಅಪ್ಪನದು ಏನಾದರೂ ಉಳಿದಿದೆಯೇ ಎಂದು ಕೇಳಿದಳು. ಮುತ್ಯಾ ಹೇಳಿದ್ದನ್ನೆಲ್ಲ ಕೇಳಿ, “ಇರ್ಲಿ ಬಿಡ್ರಿ ಕಾಕಾ,” ಎಂದು ಅವನಿಗೇ ಸಮಾಧಾನ ಹೇಳಿದಳು. ಆ ಸಮಾಧಾನವನ್ನು ಅವನು ಸಾಯುವವರೆಗೂ ತಡೆದುಕೊಳ್ಳಲಾರದೆ ಹೋದ. ಆ ಪಡಸಾಲೆ ಬಿದ್ದಿದೆ, ಆಯಿಯೂ ಇಲ್ಲ.

ಆದ್ದರಿಂದ ಸಂಬಂಧಪಟ್ಟ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಅಂದು ನಮ್ಮೂರ ಚಾವಡಿಯಿಂದ ಒಯ್ದ ಚಾಕುಗಳು ಯಾವ ದಫ್ತರದಲ್ಲಿ ದಾಖಲಾದವು, ಯಾರ ವಶಕ್ಕೆ ಹೋದವು ಎಂಬುದನ್ನು ತಿಳಿಸಬೇಕು. ಜಾಲಿಯ ಹಿಡಿಯದು ಉಳಿದಿದ್ದರೆ ಅದನ್ನು ಅಫಜಲಪುರದ ರಾಬಿಯಾ ಅವರಿಗೆ ತಲುಪಿಸಬೇಕು. ಕರಗಿಸಿದ್ದರೆ, ಕರಗಿಸಿದೆವೆಂದು ಒಪ್ಪಿಕೊಳ್ಳಬೇಕು. ಉತ್ತರ ಲಿಖಿತವಾಗಿರಲಿ. ರಾಬಿಯಾ ಅವರಿಗೆ ಓದು ಬಾರದು. ಅವರ ಎದುರು ಕೂತು ಪ್ರತಿ ಅಕ್ಷರವನ್ನೂ ನಾನು ಓದಿ ಹೇಳುತ್ತೇನೆ.