ಪಕ್ಕದ ದನಿಗೂ ಜಾಗ
ಊರಿನ ವೈರ್‌ಲೆಸ್ ಸಂಪರ್ಕಗಳಿಗೆಲ್ಲ ತರಂಗಾಂತರ ಹಂಚುವ ಅಧಿಕಾರಿಗೆ ಕಚೇರಿಯವರು ಇಟ್ಟ ಹೆಸರು ‘ಮೆಲ್ಲಗಪ್ಪ’. ಟ್ಯಾಕ್ಸಿ ಕಂಪನಿಯವನು ಬಂದು, “ಸಾರ್, ನಮ್ಮ ವೈರ್‌ಲೆಸ್ ಪವರ್ ಸ್ವಲ್ಪ ಏರಿಸ್ಕೊಳ್ತೀವಿ” ಎಂದು ಹಲ್ಲು ಗಿಂಜಿದರೆ, “ನೀವು ಕೂಗಿದ್ರೆ ಪಕ್ಕದ ಚಾನೆಲ್‌ನಲ್ಲಿರೋ ಆಂಬುಲೆನ್ಸಿನ ಮಾತು ಮುಳುಗುತ್ತೆ. ಮೆಲ್ಲಗೆ ಸಾಕಪ್ಪ” ಎನ್ನುತ್ತಾರೆ. ಇಬ್ಬರ ತರಂಗಾಂತರಗಳ ನಡುವೆ ಒಂದಿಷ್ಟು ಖಾಲಿ ಬಿಡದೆ ಅವರು ಯಾವ ಪರವಾನಗಿಗೂ ಸಹಿ ಹಾಕಿದವರಲ್ಲ. ಬಸ್ಸಿನಲ್ಲೂ ಹಾಗೇ ಜಾಗ ಬಿಟ್ಟು ಕೂತು ಸೀಟಿನಿಂದ ಜಾರಿದ್ದುಂಟು. ಮನೆಗೆ ಬಂದವರೇ ಟೀವಿ, ಫ್ಯಾನು ಆರಿಸುತ್ತಾರೆ. ಟಿಕ್ ಟಿಕ್ ಎನ್ನುವ ಗಡಿಯಾರಕ್ಕಂತೂ ಬಚ್ಚಲುಮನೆಗೆ ವರ್ಗಾವಣೆಯಾಗಿದೆ. “ಏನ್ ಸಾರ್, ಕರೆಂಟ್ ಉಳಿಸ್ತೀರಾ?” ಎಂದು ಮಹಡಿಯ ಹೊಸ ಬಾಡಿಗೆಯವನು ಕುತೂಹಲದಿಂದ ಕೇಳಿದರೆ ನಕ್ಕು ಬಾಗಿಲು ಮುಚ್ಚಿಕೊಳ್ಳುತ್ತಾರೆ. ಆಮೇಲೆ ಹೆಂಡತಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುತ್ತಾರೆ. ಗಂಟಲಿನ ಆಪರೇಷನ್ ಆದಮೇಲೆ ಆಕೆಗೆ ಉಳಿದಿರುವುದು ಉಸಿರಿನಷ್ಟು ದನಿ. “ಈಗ ಹೇಳು” ಎನ್ನುತ್ತಾರೆ, ಆಕೆಗಿಂತಲೂ ಮೆಲ್ಲಗೆ.